ವಯಸ್ಸಾದ ನಾಯಿಯನ್ನು ಮನೆಗೆ ತರುವುದು: ಮೊದಲ ಫೋನಿನಿಂದ ಕೊನೆಯ ದಿನದವರೆಗೆ

ಕಾಫಿ ಕೊಯ್ಲು ಮುಗಿದು ತೋಟಗಳು ಕೈ ಬದಲಾಗುವ ಹೊತ್ತಿಗೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಅಕ್ಕ, ಹತ್ತು ವರ್ಷದ ಲ್ಯಾಬ್ ತಂದ್ವಿ, ಮೂರು ದಿನದಿಂದ ಏನೂ ತಿಂತಿಲ್ಲ." "ಅಕ್ಕ, ಗೇಟು ತೆಗೆದ ತಕ್ಷಣ ಓಡಿಹೋಯ್ತು." "ಅಕ್ಕ, ತಂದು ಎರಡೇ ತಿಂಗಳು, ಕಿಡ್ನಿ ಹೋಗಿದೆ ಅಂತಿದ್ದಾರೆ ಡಾಕ್ಟರು."

ತಂದವರೆಲ್ಲ ಒಳ್ಳೆಯ ಮನಸ್ಸಿನವರೇ. ಎಡವಿದ್ದು ಕೆಲಸದ ಕ್ರಮದಲ್ಲಿ. ಮರಿ ತಂದಾಗ ಕ್ರಮ ಸ್ವಲ್ಪ ಹಿಂದೆ ಮುಂದೆ ಆದರೂ ನಡೆಯುತ್ತದೆ, ಅದಕ್ಕೆ ಮುಂದೆ ಹತ್ತು ವರ್ಷ ಇದೆ. ಮುದಿ ನಾಯಿಗೆ ಅಷ್ಟು ಸಮಯ ಇಲ್ಲ. ನಾನು ಚಿಕ್ಕಮಗಳೂರಿನ ಹತ್ತಿರ ಇಂಥ ನಾಲ್ಕು ನಾಯಿ ಸಾಕಿದ್ದೇನೆ. ಮೂರು ಹಿತ್ತಲಿನ ಹಲಸಿನ ಮರದ ಕೆಳಗಿವೆ. ನಾಲ್ಕನೆಯದು ಈಗ ಬಚ್ಚಲೊಲೆಯ ಎದುರು ಗೊರಕೆ ಹೊಡೆಯುತ್ತಿದೆ. ಮೊದಲ ಎರಡರಲ್ಲಿ ನಾನೂ ಇವೇ ತಪ್ಪುಗಳನ್ನು ಮಾಡಿದ್ದೇನೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಕೊರಳ ಬೆಲ್ಟು, ಅದರ ಮೇಲೆ ಅಳಿಸದ ಹಾಗೆ ಬರೆದ ನಿಮ್ಮ ಫೋನ್ ನಂಬರ್. ಎದೆಗೆ ಹಾಕುವ ಪಟ್ಟಿ, ಯಾಕೆಂದರೆ ತಲೆ ಸಣ್ಣದಿರುವ ನಾಯಿ ಕೊರಳ ಬೆಲ್ಟಿನಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. ಡಿಜಿಟಲ್ ಥರ್ಮಾಮೀಟರ್ ಒಂದು, ನಾಯಿಗೆ ಮಾತ್ರ. ಮೈಗೆ ಕಚ್ಚಿಕೊಂಡ ಉಣ್ಣೆ ಹುಳ ಕೀಳಲು ಚೂಪು ಮೂತಿಯ ಚಿಮಟ, ರಬ್ಬರ್ ಕೈಗವಸು, ಅಳತೆ ಗುರುತಿರುವ ನೀರಿನ ಜಗ್ಗು. ನಾಲ್ಕೈದು ಹಳೇ ಗೋಣಿಚೀಲ, ಎರಡು ಕಂಬಳಿ. ಒಂದು ನೋಟ್‌ಬುಕ್. ಗೋಡೆಗೆ ನೇತುಹಾಕುವ ಕ್ಯಾಲೆಂಡರ್, ದಿನಕ್ಕೊಂದು ದೊಡ್ಡ ಚೌಕ ಇರುವಂಥದ್ದು. ಇದು ಯಾಕೆ ಅಂತ ಹತ್ತನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ನಾಯಿ ನೋಡುವ ಮೊದಲೇ ಮನೆಯಲ್ಲಿ ಮಾತಾಡಿ

ದೊಡ್ಡ ಜಾತಿಯ ನಾಯಿಗಳು, ಅಂದರೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, 7–8 ವರ್ಷಕ್ಕೇ ಮುದಿತನಕ್ಕೆ ಕಾಲಿಡುತ್ತವೆ. ಪೊಮೇರಿಯನ್‌ನಂಥ ಸಣ್ಣವು 10–11ರವರೆಗೂ ಗಟ್ಟಿಯಾಗಿರುತ್ತವೆ. ನಮ್ಮ ನಾಟಿ ನಾಯಿಗಳು ಇವೆರಡರ ನಡುವೆ. ಹಾಗಾಗಿ "ಹತ್ತು ವರ್ಷ" ಅಂದರೆ ಎಲ್ಲ ನಾಯಿಗೂ ಒಂದೇ ಅರ್ಥ ಅಲ್ಲ. ನಿಮ್ಮ ಹತ್ತಿರ ಅದು ಆರು ತಿಂಗಳು ಇರಬಹುದು, ನಾಲ್ಕು ವರ್ಷವೂ ಇರಬಹುದು. ಎರಡಕ್ಕೂ ತಯಾರಿ ಬೇಕು.

ಮನೆಯವರೆಲ್ಲ ಕೂತು ನಾಲ್ಕು ವಿಷಯ ತೀರ್ಮಾನಿಸಿ. ರಾತ್ರಿ ಎರಡು ಗಂಟೆಗೆ ಉಚ್ಚೆಗೆ ಹೊರಗೆ ಕರೆದುಕೊಂಡು ಹೋಗುವವರು ಯಾರು? ತಿಂಗಳಿಗೆ ಔಷಧಿಗೆ ಎಷ್ಟು ದುಡ್ಡು ಎತ್ತಿಡಬಹುದು? ಮದುವೆ, ಮುಂಜಿ, ಧರ್ಮಸ್ಥಳ ಅಂತ ಊರು ಬಿಟ್ಟಾಗ ಯಾರು ನೋಡಿಕೊಳ್ಳುತ್ತಾರೆ? ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಕಾಯಿಲೆ ಕೈಮೀರಿದಾಗ "ಸಾಕು" ಅಂತ ಹೇಳುವ ಅಧಿಕಾರ ಯಾರಿಗೆ? ಒಬ್ಬರ ಹೆಸರು ಬರೆದಿಡಿ. ನಾಯಿ ಇನ್ನೂ ಮನೆಗೆ ಬಂದಿಲ್ಲದಾಗ ಇದನ್ನು ಮಾತಾಡುವುದು ಸುಲಭ. ಅದು ನಿಮ್ಮ ಕಾಲ ಮೇಲೆ ತಲೆ ಇಟ್ಟು ಮಲಗಲು ಶುರು ಮಾಡಿದ ಮೇಲೆ ಬಾಯಿ ಬರುವುದಿಲ್ಲ.

ಮನೆಯಲ್ಲಿ ಒಬ್ಬರಿಗಾದರೂ ಒಪ್ಪಿಗೆ ಇಲ್ಲದಿದ್ದರೆ ತಡೆಯಿರಿ. ನಮ್ಮತ್ತೆ "ಮುದಿ ನಾಯಿ ತಂದು ಅದರ ಸಾವು ನೋಡೋಕಾ?" ಅಂದಿದ್ದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ತಿಂಗಳು ಬೇಕಾಯಿತು. ಕೊನೆಗೆ ಒಪ್ಪಿದರು, ಆಮೇಲೆ ನಾಯಿಗೆ ಅಕ್ಕಿ ರೊಟ್ಟಿ ಕದ್ದು ಕೊಡುವವರೂ ಅವರೇ ಆದರು.

ಕರುಣೆ ಉಕ್ಕಿ ಅದೇ ದಿನ ಕಾರಿಗೆ ಹತ್ತಿಸಿಕೊಂಡು ಬರುವುದು ಈ ಹಂತದ ದೊಡ್ಡ ತಪ್ಪು. ಒಂದು ವಾರದೊಳಗೆ ಮರಳಿ ಕಳಿಸಿದರೆ ನಾಯಿಗೆ ಮನೆ ಎರಡು ಸಲ ಕಳೆದುಹೋದ ಹಾಗೆ.

## ಹಂತ 2: ನಾಯಿಯನ್ನು ಎರಡು ಸಲ ನೋಡಿ, ಕೇಳಿದ್ದನ್ನು ಬರೆದುಕೊಳ್ಳಿ

ಮಲೆನಾಡಿನಲ್ಲಿ ಮುದಿ ನಾಯಿಗಳು ಅನಾಥವಾಗುವ ದಾರಿಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ತೋಟ ಮಾರಾಟವಾಯಿತು. ಹಿರಿಯರು ಬೆಂಗಳೂರಿಗೆ ಮಗನ ಅಪಾರ್ಟ್‌ಮೆಂಟಿಗೆ ಹೋದರು. ಮರಿ ಹಾಕಿಸುವವರು ಇನ್ನು ಮರಿ ಆಗಲ್ಲ ಅಂತ ಹೆಣ್ಣು ನಾಯಿಯನ್ನು ದಾರಿಗೆ ಬಿಟ್ಟರು. ಸಾಕಿದ ಪ್ರಾಣಿಯನ್ನು ಹಾಗೆ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮಾಲೀಕರು ಇದ್ದರೆ "ನಾಯಿಯನ್ನು ಇವರಿಗೆ ಒಪ್ಪಿಸಿದ್ದೇನೆ" ಅಂತ ಎರಡು ಸಾಲು ಬರೆಸಿಕೊಳ್ಳಿ. ಆರು ತಿಂಗಳ ಮೇಲೆ ಬಂದು "ನಮ್ಮ ನಾಯಿ ಕೊಡಿ" ಅನ್ನುವವರೂ ಇದ್ದಾರೆ.

ಕೇಳಬೇಕಾದ್ದು: ಹೆಸರೇನು, ಎಷ್ಟು ಗಂಟೆಗೆ ಊಟ, ಏನು ಊಟ, ಯಾವ ತಟ್ಟೆಯಲ್ಲಿ? ರಾತ್ರಿ ಮಲಗುವುದು ಎಲ್ಲಿ? ಯಾವ ಮಾತಿಗೆ ಕೂರುತ್ತದೆ, ಯಾವ ಮಾತಿಗೆ ಹೆದರುತ್ತದೆ? ಯಾರನ್ನಾದರೂ ಕಚ್ಚಿದೆಯಾ, ಯಾವಾಗ? ಫಿಟ್ಸ್ ಬಂದಿದೆಯಾ? ಯಾವ ಮಾತ್ರೆ ನಡೆಯುತ್ತಿದೆ? ರೇಬಿಸ್ ಲಸಿಕೆ ಕೊನೆಗೆ ಹಾಕಿಸಿದ್ದು ಎಂದು? ಹೆಣ್ಣಾದರೆ ಮರಿಯಾಗದಂತೆ ಆಪರೇಷನ್ ಆಗಿದೆಯಾ, ಇಲ್ಲದಿದ್ದರೆ ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ?

ಈ ಪ್ರಶ್ನೆಗಳನ್ನು ಊಟ ಹಾಕುತ್ತಿದ್ದವರಿಗೇ ಕೇಳಿ. ತೋಟದ ಮನೆಯಲ್ಲಿ ಅದು ಸಾಹುಕಾರರು ಆಗಿರುವುದು ಅಪರೂಪ. ನಮ್ಮ ಕೆಂಪಿಯನ್ನು ತರುವಾಗ ಸಾಹುಕಾರರು "ಏನ್ ಕೊಟ್ರೂ ತಿನ್ನುತ್ತೆ" ಅಂದರು. ಮನೆಗೆ ಬಂದು ಎರಡು ದಿನ ಅದು ಏನೂ ಮುಟ್ಟಲಿಲ್ಲ. ಮತ್ತೆ ಹೋಗಿ, ತೋಟದ ಆಳುಗಳು ಇರುವ ಲೈನ್ ಮನೆಯ ಅಜ್ಜಿಯನ್ನು ಕೇಳಿದೆ. "ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಒಂದು ತುಂಡು ರೊಟ್ಟಿ ಕೊಡ್ತಿದ್ದೆ ಕಣವ್ವ. ಅದು ಆದ ಮೇಲೇ ಅದಕ್ಕೆ ದಿನ ಶುರು" ಅಂದರು. ಮರುದಿನ ನಾನೂ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದೆ. ತಿಂದಿತು.

ನಾಯಿಯ ಮೈಯನ್ನೂ ನೋಡಿ. ಎದ್ದ ಮೊದಲ ಹತ್ತು ಹೆಜ್ಜೆ ಹೇಗಿದೆ? ಬಾಯಿಯಿಂದ ಕೊಳೆತ ವಾಸನೆ ಬರುತ್ತಿದೆಯಾ? ಒಸಡು ತಿಳಿಗುಲಾಬಿ ಬಣ್ಣ ಇದೆಯಾ, ಬಿಳಿಚಿದೆಯಾ? ಹೆಣ್ಣು ನಾಯಿಯ ಮೊಲೆಗಳ ಸಾಲನ್ನು ಬೆರಳಲ್ಲಿ ಸವರಿ, ಗಂಟು ಸಿಕ್ಕರೆ ಬರೆದುಕೊಳ್ಳಿ. ಅದಕ್ಕೆ ಕಾಣದ ಹಾಗೆ ಹಿಂದಿನಿಂದ ಚಪ್ಪಾಳೆ ತಟ್ಟಿ. ತಿರುಗದಿದ್ದರೆ ಕಿವಿ ಮಂದ ಅಂತ ಲೆಕ್ಕ.

ಹೊರಡುವಾಗ ಅದು ಮಲಗುತ್ತಿದ್ದ ಚೀಲವನ್ನೋ ಬಟ್ಟೆಯನ್ನೋ ಕೇಳಿ ತನ್ನಿ. ತೊಳೆಯಬೇಡಿ. ವಾಸನೆ ಬಂದರೂ ಬರಲಿ.

## ಹಂತ 3: ಮನೆಗೆ ಮೊದಲು ಆಸ್ಪತ್ರೆ

ನಾಯಿ ತಂದು, ಹೊಂದಿಕೊಂಡ ಮೇಲೆ ತೋರಿಸೋಣ ಅನ್ನುವುದು ನಾನು ಕೇಳುವ ಸಾಮಾನ್ಯ ಯೋಜನೆ. ತಿರುಗುಮುರುಗು. ತರುವ ದಿನ ನೇರ ವೈದ್ಯರ ಹತ್ತಿರ ಹೋಗಿ, ಅಲ್ಲಿಂದ ಮನೆಗೆ ಬನ್ನಿ. ಸಾಧ್ಯವಾದರೆ ತರುವ ಮೊದಲೇ ಪರೀಕ್ಷೆ ಮುಗಿಸಿ.

ಹೆಚ್ಚಿನ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಲಸಿಕೆ, ಜಂತು ಔಷಧಿ ಸಿಗುತ್ತವೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹೋದರೆ 60 ಕಿಲೋಮೀಟರ್ ಚಿಲ್ಲರೆ. 1962 ಪಶು ಸಹಾಯವಾಣಿಯ ನಂಬರನ್ನೂ ಗೋಡೆಗೆ ಅಂಟಿಸಿಡಿ. ಮುಖ್ಯವಾಗಿ ದನಕರುಗಳಿಗೆ ಅಂತ ಇರುವ ಸೇವೆ ಅದು, ಆದರೂ ತೋಟದೊಳಗಿನ ಮನೆಗೆ ನಂಬರ್ ಕೈಯಲ್ಲಿರುವುದು ಒಳ್ಳೆಯದು.

ಕೇಳಿ ಮಾಡಿಸಬೇಕಾದ ಪರೀಕ್ಷೆಗಳು: ರಕ್ತಕಣಗಳ ಎಣಿಕೆ, ಕಿಡ್ನಿ, ಲಿವರ್, ಸಕ್ಕರೆ, ಮೂತ್ರ. ಉಣ್ಣೆ ಕಚ್ಚಿ ಬರುವ ಉಣ್ಣೆ ಜ್ವರಕ್ಕೆ ರಕ್ತದ ಪರೀಕ್ಷೆಯನ್ನು ಮಲೆನಾಡಿನಲ್ಲಿ ಬಿಡಲೇಬೇಡಿ. ಎದೆಗೆ ಸ್ಟೆತಸ್ಕೋಪ್ ಇಟ್ಟು ಹೃದಯದ ಸದ್ದು ಕೇಳಿಸಿ, ಹಲ್ಲು ತೋರಿಸಿ. ಆಪರೇಷನ್ ಆಗದ ಹೆಣ್ಣು ನಾಯಿಗೆ ಹೊಟ್ಟೆಯ ಸ್ಕ್ಯಾನಿಂಗ್ ಕೇಳಿ. ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ಹೊರಗೆ ಒಂದು ಹನಿಯೂ ಕಾಣದೆ ಒಳಗೇ ತುಂಬಿ ಜೀವ ತೆಗೆಯಬಹುದು.

ಮೂತ್ರವನ್ನು ನೀವೇ ಹಿಡಿದು ಒಯ್ಯಬಹುದು. ಬೆಳಗಿನ ಮೊದಲ ಉಚ್ಚೆಗೆ ಕುಳಿತಾಗ ಹಿಂದಿನಿಂದ ಅಗಲವಾದ ಚಪ್ಪಟೆ ತಟ್ಟೆ ತೂರಿಸಿ. ಮೊದಲ ಸಲ ಕೈಗೆ ಬೀಳುತ್ತದೆ. ಎರಡನೇ ಸಲ ಸರಿಹೋಗುತ್ತದೆ.

ಜ್ವರ ಇದ್ದರೆ, ನಾಯಿ ಸೋತಿದ್ದರೆ, ಅವತ್ತೇ ಲಸಿಕೆ ಹಾಕಿಸಲು ಒತ್ತಾಯ ಮಾಡಬೇಡಿ. ಚೇತರಿಸಿಕೊಂಡ ಮೇಲೆ ರೇಬಿಸ್ ಲಸಿಕೆ, ಜತೆಗೆ ಇಲಿ ಜ್ವರ ಸೇರಿದ ವರ್ಷದ ಲಸಿಕೆ ಆಗಲೇಬೇಕು. ಗದ್ದೆ, ಕೊಟ್ಟಿಗೆ, ನಿಂತ ನೀರು ಇರುವ ಕಡೆ ಇಲಿಯ ಉಚ್ಚೆಯಿಂದ ಆ ರೋಗ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ.

ಪರೀಕ್ಷೆಯಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತದೆ. ಹೆದರಬೇಡಿ. ನೀವು ವೈದ್ಯರಿಗೆ ಕೇಳಬೇಕಾದ್ದು ಎರಡು: ಇದಕ್ಕೆ ಈಗ ನೋವಿದೆಯಾ, ಮನೆಯಲ್ಲಿ ದಿನಾ ನಾನು ಏನು ಮಾಡಬೇಕು.

## ಹಂತ 4: ಮನೆ ಸಿದ್ಧ ಮಾಡಿ

ಹಳೇ ಮನೆಗಳ ಕೆಂಪು ಗಾರೆ ನೆಲ ಕನ್ನಡಿಯ ಹಾಗಿರುತ್ತದೆ, ಟೈಲ್ಸ್ ಅದಕ್ಕಿಂತ ಜಾರುತ್ತದೆ. ಸಂಧಿವಾತದ ನಾಯಿ ಒಂದು ಸಲ ಜಾರಿ ಬಿದ್ದರೆ ಆಮೇಲೆ ಆ ಕೋಣೆಗೇ ಬರುವುದಿಲ್ಲ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಗೋಣಿಚೀಲಗಳ ದಾರಿ ಹಾಸಿ. ಚೀಲದ ಅಂಚು ಮಡಚಿಕೊಳ್ಳದಂತೆ ಹೊಲಿಯಿರಿ. ಪಾದದ ಬೆರಳುಗಳ ಸಂದಿಯ ಕೂದಲು ಉದ್ದ ಬೆಳೆದಿದ್ದರೆ ಕತ್ತರಿಸಿ, ಉಗುರು ಕತ್ತರಿಸಿ. ಅರ್ಧ ಜಾರುವುದು ಅಷ್ಟಕ್ಕೇ ನಿಲ್ಲುತ್ತದೆ.

ಹಾಸಿಗೆ ದಪ್ಪ ಇರಲಿ, ನೆಲದ ತಂಡಿಗೆ ತಾಗದಂತೆ ಹಲಗೆ ಮೇಲೆ ಇರಲಿ. ಡಿಸೆಂಬರ್, ಜನವರಿಯ ಚಳಿಗೂ ಜುಲೈನ ಥಂಡಿಗೂ ಮೊಣಕಾಲು ಹಿಡಿದುಕೊಳ್ಳುತ್ತದೆ.

ಬಚ್ಚಲೊಲೆಗೆ ಒಂದು ಅಡ್ಡ ಹಲಗೆ ಬೇಕೇ ಬೇಕು. ಮುದಿ ನಾಯಿಗೆ ಬಿಸಿ ಬೂದಿ ಅಂದರೆ ಸ್ವರ್ಗ. ಚರ್ಮದ ಸ್ಪರ್ಶ ಮಂದವಾಗಿರುವ ನಾಯಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ನಮ್ಮ ಕರಿಯನ ಬೆನ್ನಿನ ಮೇಲೆ ಅಂಗೈಯಗಲ ಕೂದಲು ಸುಟ್ಟಿತ್ತು. ಅವನು ನಿದ್ದೆಯಲ್ಲೇ ಇದ್ದ.

ಕಾಫಿ ಪುಡಿ, ಹುರಿದ ಬೀಜ, ಕಣದಲ್ಲಿ ಹರಡಿದ ಹಣ್ಣು, ಇವೆಲ್ಲ ನಾಯಿಗೆ ವಿಷ, ಕೆಫೀನ್ ಹೃದಯಕ್ಕೆ ಏರುತ್ತದೆ. ಇಲಿ ಪಾಷಾಣ, ಮೈಲುತುತ್ತದ ಚೀಲ, ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಬೀಗದೊಳಗಿರಲಿ. ತೋಟಕ್ಕೆ ಔಷಧಿ ಹೊಡೆದ ದಿನ ನಾಯಿಯನ್ನು ಆ ಕಡೆ ಬಿಡಬೇಡಿ, ಒದ್ದೆ ಎಲೆ ತಾಗಿದ ಕಾಲನ್ನು ಅದು ನೆಕ್ಕುತ್ತದೆ.

ಸಂಜೆ ಕಪ್ಪಾದ ಮೇಲೆ ನಾಯಿ ಮನೆಯೊಳಗೇ ಇರಬೇಕು. ಕಿವಿ ಕೇಳದ, ಓಡಲಾಗದ ನಾಯಿಯನ್ನು ಜಗಲಿಯಲ್ಲಿ ಕಟ್ಟಿದರೆ ಚಿರತೆಗೆ ಬಡಿಸಿಟ್ಟ ಹಾಗೆ.

## ಹಂತ 5: ಮೊದಲ ಮೂರು ದಿನ, ಮೂರು ವಾರ, ಮೂರು ತಿಂಗಳು

ನಾಯಿ ಸಾಕುವವರಲ್ಲಿ ಈ ಮೂರರ ಲೆಕ್ಕ ಇದೆ. ಮೂರು ದಿನ ಗಾಬರಿ. ಮೂರು ವಾರದಲ್ಲಿ ಮನೆಯ ಹೊತ್ತುಗೊತ್ತು ಗೊತ್ತಾಗುತ್ತದೆ. ಮೂರು ತಿಂಗಳಿಗೆ ನಿಮ್ಮವನಾಗುತ್ತಾನೆ. ಇದು ಅಂದಾಜು ಮಾತ್ರ, ನಮ್ಮ ಸೋನಿಗೆ ಐದು ತಿಂಗಳು ಹಿಡಿಯಿತು.

ಬೆಳಿಗ್ಗೆಯೇ ತನ್ನಿ, ಕತ್ತಲೆಯ ಮೊದಲು ಜಾಗ ಮೂಸಿ ನೋಡಲಿ. ಮೊದಲು ಅಂಗಳ, ಉಚ್ಚೆ ಮಾಡುವ ಜಾಗ, ಆಮೇಲೆ ಒಂದೇ ಕೋಣೆ. ನೆಂಟರು, ಪಕ್ಕದ ಮನೆ ಮಕ್ಕಳು, ವಿಡಿಯೋ ಕಾಲ್, ಯಾವುದೂ ಬೇಡ. ಸ್ನಾನ ಬೇಡವೇ ಬೇಡ. ಅಪರಿಚಿತ ಮನೆ, ಅಪರಿಚಿತ ಜನ, ಅದರ ಮೇಲೆ ನೀರು ಸುರಿದರೆ ಕಚ್ಚದೆ ಇನ್ನೇನು ಮಾಡುತ್ತದೆ? ಹಾಗೆ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ನಿಮ್ಮ ಆಸ್ಪತ್ರೆಗೆ ಹೋಗಿ. ನಾಯಿಯ ಲಸಿಕೆ ಕಾರ್ಡು ಇದೆ ಅಂತ ಸುಮ್ಮನಿರಬೇಡಿ.

ಗೇಟಿನೊಳಗೂ ಎರಡು ವಾರ ಹಗ್ಗದಲ್ಲೇ ಹಿಡಿದು ತಿರುಗಾಡಿಸಿ. ಮುದಿ ನಾಯಿ ಎಲ್ಲಿ ಓಡುತ್ತದೆ ಅನ್ನುವವರೇ ಕಳೆದುಕೊಳ್ಳುವುದು. ಅದು ಓಡುವುದು ಹಳೇ ಮನೆಯ ಕಡೆಗೆ. ಕಳೆದುಹೋದರೆ ಮೊದಲು ಹಳೇ ಮನೆಯ ಸುತ್ತ ಹುಡುಕಿ, ಅಲ್ಲಿ ತೋಟದ ಲೆಕ್ಕ ನೋಡುವ ರೈಟರಿಗೂ ಲೈನ್ ಮನೆಯವರಿಗೂ ಹೇಳಿಡಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಎರಡನ್ನೂ ರಸ್ತೆಯಲ್ಲಿ ಭೇಟಿ ಮಾಡಿಸಿ, ನಡುವೆ ನಾಲ್ಕಾರು ಅಡಿ ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಸಿ, ಜತೆಯಲ್ಲೇ ಗೇಟಿನೊಳಗೆ ಬನ್ನಿ. ಊಟದ ತಟ್ಟೆಗಳು ಬೇರೆ ಬೇರೆ ಕೋಣೆಯಲ್ಲಿ.

ಕಿವಿ ಕೇಳದ ನಾಯಿಯನ್ನು ನಿದ್ದೆಯಲ್ಲಿ ಮುಟ್ಟಬೇಡಿ. ಪಕ್ಕದ ನೆಲವನ್ನು ಕಾಲಿಂದ ತಟ್ಟಿ, ಅದುರಿಗೆ ಕಣ್ಣು ಬಿಡುತ್ತದೆ. ಕಣ್ಣು ಕಾಣದ ನಾಯಿ ಇರುವ ಮನೆಯಲ್ಲಿ ಕುರ್ಚಿ ಎಲ್ಲಿತ್ತೋ ಅಲ್ಲೇ ಇರಲಿ.

## ಹಂತ 6: ಊಟ, ನೀರು, ತೂಕ

ಮೊದಲ ವಾರ ಹಳೇ ಊಟವನ್ನೇ ಕೊಡಿ, ಅದು ಎಷ್ಟೇ ಬಡ ಊಟವಾಗಿರಲಿ. ಬದಲಾವಣೆ ಬೇಕಿದ್ದರೆ 7–10 ದಿನ ತಗೊಳ್ಳಿ: ಮೊದಲು ಕಾಲು ಭಾಗ ಹೊಸದು, ನಾಲ್ಕು ದಿನದ ಮೇಲೆ ಅರ್ಧ, ಆಮೇಲೆ ಮುಕ್ಕಾಲು. ಬಂದ ದಿನವೇ ಕೋಳಿ ಬೇಯಿಸಿ ಹಾಕಿದವರು ಮೂರನೇ ದಿನ ಭೇದಿ ಅಂತ ಫೋನ್ ಮಾಡುತ್ತಾರೆ.

ಮುದ್ದೆ–ಸಾರು ತಿಂದು ಬೆಳೆದ ನಾಯಿಗೆ ಮುದ್ದೆ ಇರಲಿ, ನಮ್ಮ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪು ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ, ಅನ್ನ, ಸಿಹಿಗುಂಬಳ ಸಾಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಬೇಯಿಸಿದ ಮೂಳೆ ಕೊಡಬಾರದು. ಪಾಯಸದ ದ್ರಾಕ್ಷಿಯ ಬಗ್ಗೆ ಹಬ್ಬದ ದಿನ ಅಜ್ಜಿಯರಿಗೆ ಮೊದಲೇ ಹೇಳಿ. ಕಿಡ್ನಿ, ಸಕ್ಕರೆ, ಹೃದಯದ ತೊಂದರೆ ಇದ್ದರೆ ಊಟದ ಪಟ್ಟಿ ವೈದ್ಯರದೇ ಆಗಬೇಕು.

ನೀರನ್ನು ಅಳೆಯಿರಿ. ಬೆಳಿಗ್ಗೆ ಜಗ್ಗಿನಿಂದ ಅಳೆದು ತುಂಬಿ, ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ, ಅಂದರೆ 20 ಕಿಲೋದ ನಾಯಿ 2 ಲೀಟರಿಗಿಂತ ಜಾಸ್ತಿ ಕುಡಿದರೆ, ಅದು ಕಿಡ್ನಿ, ಸಕ್ಕರೆ ಅಥವಾ ಗರ್ಭಕೋಶದ ಸೂಚನೆ. "ರಾತ್ರಿ ಮನೆಯೊಳಗೆ ಉಚ್ಚೆ ಮಾಡುತ್ತೆ" ಅಂತ ನೀರು ಕಡಿಮೆ ಮಾಡುವವರು ಇದ್ದಾರೆ. ಕಿಡ್ನಿ ಸೋತ ನಾಯಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ತಿಂಗಳಿಗೊಮ್ಮೆ ತೂಕ. ನಮ್ಮಲ್ಲಿ ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತೇವೆ. ನಮ್ಮ ಆಳುಗಳಿಗೆ ಅದೊಂದು ತಮಾಷೆ, "ಈ ಸಲ ಔಟ್‌ಟರ್ನ್ ಎಷ್ಟಕ್ಕ?" ಅಂತ, ಒಣಗಿದ ಕಾಫಿ ಹಣ್ಣಿನಿಂದ ಸಿಗುವ ಬೀಜದ ತೂಕ ಕೇಳುವ ಹಾಗೆ, ಕೇಳುತ್ತಾರೆ. ಅದಿಲ್ಲದವರು ನಾಯಿಯನ್ನು ಎತ್ತಿಕೊಂಡು ಮನೆಯ ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. 20 ಕಿಲೋದ ನಾಯಿ ತಿಂಗಳಲ್ಲಿ ಒಂದು ಕಿಲೋ ಸುಮ್ನೆ ಇಳಿಯುವುದಿಲ್ಲ.

## ಹಂತ 7: ನೋವು, ಮಾತ್ರೆ

ಮುದಿ ನಾಯಿ ನೋವಿಗೆ ಕಿರುಚುವುದು ಕಡಿಮೆ. ಮೆಟ್ಟಿಲ ಹತ್ತಿರ ನಿಂತು ಯೋಚಿಸುತ್ತದೆ. ಕೂತಲ್ಲಿಂದ ಏಳಲು ಎರಡು ಸಲ ಪ್ರಯತ್ನಿಸುತ್ತದೆ. ಒಂದೇ ಮಣಿಕಟ್ಟನ್ನು ನೆಕ್ಕುತ್ತಿರುತ್ತದೆ. ಬಾಚುವಾಗ ಗುರ್ ಅನ್ನುತ್ತದೆ. ಇದನ್ನು "ವಯಸ್ಸಾಯ್ತಲ್ವಾ" ಅಂತ ಬಿಡುವುದು ತಪ್ಪು. ಸಂಧಿವಾತಕ್ಕೆ ನಾಯಿಗೆಂದೇ ಇರುವ ಔಷಧಿಗಳಿವೆ.

ನಮ್ಮ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫಿನಾಕ್, ಯಾವುದೂ ಬೇಡ, ಕಾಲು ಮಾತ್ರೆಯೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ರಕ್ತವಾಂತಿ, ಕಿಡ್ನಿ–ಲಿವರ್ ಸೋಲು. ನಾನು ಮೊದಲ ನಾಯಿಗೆ ನಮ್ಮನೆಯ ನೋವಿನ ಮಾತ್ರೆಯ ಅರ್ಧ ಕೊಟ್ಟಿದ್ದೆ. ಮರುದಿನ ಟಾರಿನಂಥ ಕಪ್ಪು ಕಕ್ಕಸು. ಆರು ದಿನ ಡ್ರಿಪ್ಸ್ ಹಾಕಿಸಿ ಉಳಿಸಿಕೊಂಡೆವು. ಈಗಲೂ ಆ ಮಾತ್ರೆಯ ಹಾಳೆ ಕಂಡರೆ ನನಗೆ ನಾಚಿಕೆ ಆಗುತ್ತದೆ.

ಮೈ ಹಗುರ ಇಡುವುದು, ದಿನಕ್ಕೆ ಒಂದು ದೊಡ್ಡ ವಾಕ್ ಬದಲು ಹತ್ತು ನಿಮಿಷದ ಮೂರು, ಹಾಸಿಗೆಯ ಪಕ್ಕ ಬಿಸಿನೀರಿನ ಚೀಲವನ್ನು ಟವೆಲ್ ಸುತ್ತಿ ಇಡುವುದು, ಇಷ್ಟು ಮನೆಯಲ್ಲಿ ಮಾಡಬಹುದು.

## ಹಂತ 8: ಮಳೆಗಾಲ, ಉಣ್ಣೆ, ಇಂಬಳ (ಜಿಗಣೆ)

ದಿನಾ ಸಂಜೆ ಐದು ನಿಮಿಷ ಮೈ ತಡವಿ. ಕಿವಿಯೊಳಗೆ, ಬೆಲ್ಟಿನ ಕೆಳಗೆ, ಬೆರಳ ಸಂದಿ, ಬಾಲದ ಬುಡ. ಉಣ್ಣೆ ಸಿಕ್ಕರೆ ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿದ ಕಡೆ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬೆರಳಲ್ಲಿ ಹಿಸುಕಬೇಡಿ, ಸೋಪುನೀರಿಗೆ ಹಾಕಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಿಗೆ ಇದರಲ್ಲಿ ಇನ್ನೊಂದು ಕಾರಣ ಇದೆ: ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅದರಲ್ಲೂ ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆಗೆ, ನಾಯಿಯನ್ನು ಬಿಡಬೇಡಿ.

ಉಣ್ಣೆ ತಡೆಯುವ ಹನಿ ಔಷಧಿ, ಮಾತ್ರೆ ಎರಡೂ ಇವೆ. ಫಿಟ್ಸ್ ಬಂದ ನಾಯಿಗೆ ಕೆಲವು ಮಾತ್ರೆ ಆಗುವುದಿಲ್ಲ, ವೈದ್ಯರಿಗೆ ಮೊದಲೇ ಹೇಳಿ. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಸುರಿಯುವುದು ನಮ್ಮ ಕಡೆ ನಾಯಿ ಸಾಯುವ ಒಂದು ರೀತಿ.

ಇಂಬಳಕ್ಕೆ ಉಪ್ಪು ಸಾಕು. ಸುಣ್ಣ–ಹೊಗೆಸೊಪ್ಪು ನಮ್ಮ ಕಾಲಿಗೆ ಸರಿ, ನಾಯಿ ಅದನ್ನು ನೆಕ್ಕುತ್ತದೆ. ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಹತ್ತಿಯಿಂದ ಒತ್ತಿ ಹಿಡಿಯಿರಿ. ಮೂಗಿನೊಳಗೆ ಹೊಕ್ಕರೆ ಕೀಳಲು ಹೋಗದೆ ವೈದ್ಯರ ಹತ್ತಿರ ಹೋಗಿ. ಹೊರಗಿಂದ ಬಂದಾಗಲೆಲ್ಲ ಕಾಲು, ಹೊಟ್ಟೆ ಒರೆಸಿ. ಆರಿದ್ರಾ ಮಳೆಯಲ್ಲಿ ಒದ್ದೆಯಾಗಿ ಮಲಗಿದ ನಾಯಿಯ ಬೆರಳ ಸಂದಿ ಎರಡೇ ದಿನದಲ್ಲಿ ಕೊಳೆಯುತ್ತದೆ.

## ಅದೇ ದಿನ ಆಸ್ಪತ್ರೆಗೆ ಹೊರಡಬೇಕಾದ ಸೂಚನೆಗಳು

ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು. ಎದೆ ಏರಿ ಇಳಿದರೆ ಒಂದು, ಹಾಗೆ ಎಣಿಸಿ. ಹೃದಯದ ತೊಂದರೆಗೆ ಇದಕ್ಕಿಂತ ಒಳ್ಳೆಯ ಮನೆ ಪರೀಕ್ಷೆ ಇಲ್ಲ.

ಬಿಳಿಚಿದ ಒಸಡು, ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ, ಮೂಗಿನಿಂದ ರಕ್ತ. ಉಣ್ಣೆ ಜ್ವರ ಇರಬಹುದು. ಒಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ನಾಯಿಯ ಮಾಮೂಲಿ ಮೈಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ 98.6 ನೋಡಿ ನಾಯಿಗೆ ಜ್ವರ ಅನ್ನಬೇಡಿ. 104 ದಾಟಿದರೆ ಹೊರಡಿ.

ದೊಡ್ಡ ಎದೆಯ ನಾಯಿ ವಾಂತಿಗೆ ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ತಮಟೆ ಹಾಗೆ ಬಿಗಿದಿದೆ. ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.

ಗಂಡು ನಾಯಿ ಕಾಲೆತ್ತಿ ನಿಲ್ಲುತ್ತದೆ, ಉಚ್ಚೆ ಬರುವುದಿಲ್ಲ. ಹೆಣ್ಣು ನಾಯಿ ಬೆದೆ ಮುಗಿದ ಮೇಲೆ ನೀರು ಜಾಸ್ತಿ ಕುಡಿಯುತ್ತದೆ, ಊಟ ಬಿಟ್ಟಿದೆ. ಹೊಸ ಮನೆಯಲ್ಲಿ ಒಂದು ದಿನ ಊಟ ಬಿಡುವುದು ಸಹಜ, ಎರಡನೇ ದಿನವೂ ಬಿಟ್ಟರೆ ತೋರಿಸಿ. ನೀರನ್ನೂ ಬಿಟ್ಟರೆ ಅವತ್ತೇ.

## ಹಂತ 9: ರಾತ್ರಿಯ ಮರೆವು

ಕೆಲವು ನಾಯಿಗಳಿಗೆ ಮನುಷ್ಯರ ಹಾಗೇ ಅರಳುಮರಳು. ಹಗಲು ನಿದ್ದೆ, ರಾತ್ರಿ ತಿರುಗಾಟ. ಗೋಡೆ ಮೂಲೆಯಲ್ಲಿ ಸಿಕ್ಕಿಕೊಂಡ ಹಾಗೆ ನಿಂತಿರುತ್ತದೆ. ಬಾಗಿಲಿನ ಕೀಲಿನ ಕಡೆ ನಿಂತು ಬಾಗಿಲು ತೆಗೆಯಲು ಕಾಯುತ್ತದೆ. ಬೈಯಬೇಡಿ. ಝೀರೋ ಬಲ್ಬ್ ಹಾಕಿಡಿ, ಮಲಗುವ ಮುಂಚೆ ಉಚ್ಚೆಗೆ ಕರೆದುಕೊಂಡು ಹೋಗಿ, ಊಟ–ವಾಕಿನ ಹೊತ್ತು ಬದಲಿಸಬೇಡಿ. ನೋವಿನಿಂದಲೂ ಹೀಗೇ ಕಾಣುವುದುಂಟು, ವೈದ್ಯರಿಗೆ ಫೋನಿನಲ್ಲಿ ವಿಡಿಯೋ ತೆಗೆದು ತೋರಿಸಿ.

ಸೋನಿ ಕೊನೆಯ ವರ್ಷ ರಾತ್ರಿ ಮೂರಕ್ಕೆ ಎದ್ದು ಮನೆಯೆಲ್ಲ ಸುತ್ತಿ, ಅತ್ತೆಯ ಮಂಚದ ಹತ್ತಿರ ನಿಂತು ಒಂದೇ ಸಲ ಬೊಗಳುತ್ತಿದ್ದಳು. ಅತ್ತೆ "ಇಲ್ಲೇ ಇದೀನಿ ಮಲಗು" ಅಂದರೆ ಮಲಗುತ್ತಿದ್ದಳು. ಇಬ್ಬರಿಗೂ ಅದು ಅಭ್ಯಾಸವಾಗಿತ್ತು.

## ಹಂತ 10: ಕೊನೆ

ಫೋನ್ ಮಾಡುವವರಲ್ಲಿ ಹೆಚ್ಚಿನವರು ತಡ ಮಾಡಿ ಎಡವುವುದು ಇಲ್ಲೇ. ನಾನೂ ಕೆಂಪಿಯನ್ನು ಹತ್ತು ದಿನ ಜಾಸ್ತಿ ಇಟ್ಟುಕೊಂಡೆ. ಆ ಹತ್ತು ದಿನ ನನಗೋಸ್ಕರ ಇದ್ದದ್ದು, ಅದಕ್ಕೋಸ್ಕರ ಅಲ್ಲ.

ಕ್ಯಾಲೆಂಡರ್ ಈಗ ಬೇಕು. ನಾಯಿ ಆರೋಗ್ಯವಾಗಿದ್ದಾಗಲೇ ಅದಕ್ಕೆ ಇಷ್ಟವಾದ ಐದು ವಿಷಯ ಬರೆದಿಡಿ. ಕೆಂಪಿಯ ಪಟ್ಟಿ ಹೀಗಿತ್ತು: ಬೆಳಗಿನ ರೊಟ್ಟಿ, ಹಾಲಿನವನಿಗೆ ಬೊಗಳುವುದು, ಕಣದ ಬಿಸಿಲು, ಹೊಟ್ಟೆ ಕೆರೆಸಿಕೊಳ್ಳುವುದು, ನಾನು ಬಂದಾಗ ಗೇಟಿನವರೆಗೆ ಬರುವುದು. ದೊಡ್ಡ ಕಾಯಿಲೆ ಗೊತ್ತಾದ ದಿನದಿಂದ ಪ್ರತಿ ಸಂಜೆ ಚೌಕದಲ್ಲಿ ಒಂದು ಗುರುತು ಹಾಕಿ. ಐದರಲ್ಲಿ ಮೂರಾದರೂ ಮಾಡಿದ ದಿನ ಒಳ್ಳೆಯ ದಿನ. ವಾರದಲ್ಲಿ ಕೆಟ್ಟ ದಿನಗಳು ಹೆಚ್ಚಾದರೆ ವೈದ್ಯರಿಗೆ ಫೋನ್ ಮಾಡಿ. ಮೊದಲ ಹಂತದಲ್ಲಿ ಹೆಸರು ಬರೆದಿದ್ದಿರಲ್ಲ, ಆ ಒಬ್ಬರು ತೀರ್ಮಾನಿಸಲಿ. ಉಳಿದವರು ಆಮೇಲೆ ಅವರನ್ನು ಆಡಿಕೊಳ್ಳಬಾರದು.

ಮನೆಗೆ ಬರುವ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜುಲೈ ರಾತ್ರಿ, ರಸ್ತೆಗೆ ಮರ ಬಿದ್ದು ನೆಟ್‌ವರ್ಕ್ ಇಲ್ಲದಾಗ ಹುಡುಕಲು ಆಗುವುದಿಲ್ಲ. ಕಾಯಿಲೆ ಮುಂದುವರಿದಿದ್ದರೆ ಮಳೆ ಹಿಡಿಯುವ ಮುಂಚೆಯೇ ಈ ಮಾತು ಮುಗಿದಿರಲಿ.

ದಯಾಮರಣದಲ್ಲಿ ನಡೆಯುವುದು ಇಷ್ಟು. ಮೊದಲು ಮಂಪರಿನ ಇಂಜೆಕ್ಷನ್, ನಾಯಿ ನಿದ್ದೆಗೆ ಜಾರುತ್ತದೆ. ಆಮೇಲೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ಮುಚ್ಚುವುದಿಲ್ಲ. ಉಚ್ಚೆ ಹೋಗಬಹುದು, ನಿಂತ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು. ನೋಡುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿ. "ನಿದ್ದೆ ಮಾಡಿತು" ಅಂತ ಹೇಳಬೇಡಿ, ಸತ್ತಿತು ಅಂತಲೇ ಹೇಳಿ. ನಿದ್ದೆ ಅಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ನೀವು ತಲೆಯ ಹತ್ತಿರ ಕೂತಿರಿ, ಕೈ ಅದರ ಮೂಗಿನ ಹತ್ತಿರ ಇರಲಿ.

ಗುಂಡಿ ನಾಲ್ಕು ಅಡಿಗೆ ಕಡಿಮೆ ಬೇಡ. ಬಾವಿ, ಹಳ್ಳದಿಂದ ದೂರ, ಎತ್ತರದ ಜಾಗ. ಮಳೆಗಾಲದಲ್ಲಿ ತಗ್ಗಿನ ಗುಂಡಿಗೆ ನೀರು ಒಸರುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಹತ್ತಿ ಬಟ್ಟೆಯೋ ಗೋಣಿಯೋ ಸಾಕು. ಮೇಲೆ ದಪ್ಪ ಕಲ್ಲುಗಳನ್ನು ಹೇರಿ. ಕಾಡುಹಂದಿ, ನರಿ ಕೆದಕುತ್ತವೆ, ಇಂಜೆಕ್ಷನ್ ಕೊಟ್ಟ ದೇಹದಲ್ಲಿ ಔಷಧಿ ಉಳಿದಿರುತ್ತದೆ, ತಿಂದ ಪ್ರಾಣಿಯೂ ಸಾಯಬಹುದು. ಪೇಟೆಯಲ್ಲಿ ಜಾಗ ಇಲ್ಲದವರು ನಗರಸಭೆಯಲ್ಲಿ ಮೊದಲೇ ವಿಚಾರಿಸಿ.

## ಹಂತ 11: ಆಮೇಲಿನ ದಿನಗಳು

ಇನ್ನೊಂದು ನಾಯಿ ಇದ್ದರೆ, ಹೂಳುವ ಮುಂಚೆ ಮೂಸಿ ನೋಡಲು ಬಿಡಿ. ಕೆಲವು ದಿನ ಅದು ಹುಡುಕಬಹುದು, ಊಟ ಕಡಿಮೆ ಮಾಡಬಹುದು. ಅದರ ಹೊತ್ತುಗೊತ್ತು ಬದಲಿಸಬೇಡಿ.

ಉಳಿದ ಮಾತ್ರೆಗಳನ್ನು ವೈದ್ಯರಿಗೆ ಹಿಂದಿರುಗಿಸಿ. ಕಂಬಳಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ತಟ್ಟೆಯನ್ನು ಅದೇ ದಿನ ಎತ್ತಿಡಬೇಕು ಅಂತೇನಿಲ್ಲ. ನಮ್ಮಲ್ಲಿ ಕೆಂಪಿಯ ತಟ್ಟೆ ಮೂರು ತಿಂಗಳು ಅಲ್ಲೇ ಇತ್ತು, ಯಾರೂ ಏನೂ ಅನ್ನಲಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಾಗ ಕೈ ತಾನಾಗಿ ರೊಟ್ಟಿ ಮುರಿಯುತ್ತದೆ. "ಒಂದು ನಾಯಿಗೆ ಇಷ್ಟೊಂದಾ?" ಅನ್ನುವವರು ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

ಮುಂದಿನ ನಾಯಿ ಯಾವಾಗ ಅನ್ನುವುದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಕೆಂಪಿ ಹೋದ ಮೇಲೆ ಎಂಟು ತಿಂಗಳು ನಾನು ಯಾವ ಫೋನಿಗೂ ಹೂಂ ಅಂದಿರಲಿಲ್ಲ. ಆಮೇಲೆ ಒಂದು ಸಂಜೆ ಬಾಳೆಹೊನ್ನೂರು ಕಡೆಯಿಂದ ಫೋನು. ಹನ್ನೊಂದು ವರ್ಷದ ಗಂಡು, ಮಾಲೀಕರು ಮನೆ ಮಾರುತ್ತಿದ್ದಾರೆ, ಒಂದು ಕಣ್ಣು ಮಂಜು. ನಾನು ಬೇಡ ಅನ್ನಬೇಕು ಅಂತಲೇ ಇದ್ದೆ. ಅತ್ತೆ ಒಳಗಿಂದ ನೋಟ್‌ಬುಕ್ಕೂ ಪೆನ್ನೂ ತಂದು ಮುಂದಿಟ್ಟರು.

"ಊಟ ಹಾಕೋರು ಯಾರು ಅಂತ ಮೊದ್ಲು ಕೇಳು" ಅಂದರು.